ಸುಂಕ

ಅಪ್ಪ ಇಟ್ಟ ಹೆಸರು ಸುಂಕಮ್ಮ.
ಕಾಲೇಜಿನ ಮೂರು ವರ್ಷ ನಾನದನ್ನು
ಎಸ್. ಅಂತಷ್ಟೇ ಬರೆದೆ.
ಈಗ ಮೋತಿ ಸರ್ಕಲ್ಲಿನ ಹಿಂದಿನ ಓಣಿ,
ಮೆಟ್ಟಿಲ ಕೆಳಗಿನ ಪುಸ್ತಕದಂಗಡಿ,
ಗೈಡುಗಳ ನಡುವೆ ಮೂರು ಹಲಗೆ ಕಾದಂಬರಿ.
ವಾರಕ್ಕೆ ಹತ್ತು ರೂಪಾಯಿ ಬಾಡಿಗೆ,
ತಡವಾದರೆ ದಿನಕ್ಕೆರಡು.
ವಸೂಲಿ ಮಾಡುವಾಗೆಲ್ಲ
ಅಪ್ಪನಿಗೆ ಮೊದಲೇ ಗೊತ್ತಿತ್ತೇನೋ ಅನಿಸುತ್ತದೆ.

ಎರ್ರಿಸ್ವಾಮಿ ಬಂದದ್ದು ಏಪ್ರಿಲಿನಲ್ಲಿ.
ಬಳ್ಳಾರಿಯಲ್ಲಿ ಏಪ್ರಿಲೆಂದರೆ
ಬೀಗ ಮುಟ್ಟಿದರೂ ಬೆರಳು ಸುಡುವ ತಿಂಗಳು;
ಒಂದೇ ಕಲ್ಲಿನ ಬೆಟ್ಟ ನಡುರಾತ್ರಿಯವರೆಗೂ
ಹಂಚಿನ ಹಾಗೆ ಕಾವು ಬಿಡುತ್ತಿರುತ್ತದೆ.
ಜೀನ್ಸ್ ತೊಳೆಯುವ ಘಟಕದಲ್ಲಿ ಕೆಲಸವಂತೆ.
"ಪ್ರೀತಿದು ಯಾವದಾರ ಇದ್ರ ಕೊಡ್ರಿ.
ಕೊನೀಗೆ ಯಾರೂ ಸಾಯಬಾರದು, ಅಂಥಾದ್ದು."
ಕೊಟ್ಟೆ. ರಿಜಿಸ್ಟರಿನಲ್ಲಿ ಸಹಿ ಮಾಡಿದ.
ಸಹಿಯ ಪಕ್ಕ ಹೆಬ್ಬೆರಳಿನದೊಂದು ನೀಲಿ.

ಆ ನೀಲಿ ಪುಸ್ತಕದ ತುಂಬಾ ವಾಪಸು ಬಂತು,
ಬಲಪುಟದ ಕೆಳಮೂಲೆಗಳಲ್ಲಿ.
ತಿಳಿಯಾಗಿದ್ದರೆ ಬೇಗ ತಿರುವಿದ್ದಾನೆ,
ಗಾಢವಾಗಿದ್ದರೆ ನಿಂತಿದ್ದಾನೆ.
ನೂರಾ ಹದಿನಾಲ್ಕನೇ ಪುಟ: ನಾಯಕಿ
ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು, ಹೆಸರು ಹೇಳದೆ
ಇಳಿದು ಹೋಗುವಲ್ಲಿ
ಇಡೀ ಹೆಬ್ಬೆರಳು, ಗೆರೆ ಎಣಿಸಬಹುದು.
ನಾನೂ ಎರಡು ಸಲ ಓದಿದ್ದೆ ಅದನ್ನು.
ಅಲ್ಲಿ ನಿಲ್ಲಬೇಕು ಅಂತ ಹೊಳೆದಿರಲಿಲ್ಲ.

ಆದರೂ ವ್ಯಾಪಾರ ವ್ಯಾಪಾರವೇ.
"ಪುಸ್ತಕೆಲ್ಲ ಹೊಲಸು ಮಾಡ್ತೀರಲ್ರಿ,
ಮುಂದಿನೋರು ಓದೋದು ಬ್ಯಾಡೇನು?"
ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.
ಆಮೇಲೆ ಬಂದ ಮೂರೂ ಪುಸ್ತಕ ಬೆಳ್ಳಗಿದ್ದವು.
ಟ್ಯೂಬ್‌ಲೈಟಿಗೆ ಓರೆ ಹಿಡಿದು ಪುಟಪುಟ ಹುಡುಕಿದೆ.
ಎಲ್ಲಿ ನಕ್ಕ, ಎಲ್ಲಿ ಮಡಚಿಟ್ಟು ಮಲಗಿದ,
ಏನೂ ಗೊತ್ತಾಗಲಿಲ್ಲ.
ಮೂರನೆಯದನ್ನು ಕೊಡುವಾಗ ಕೈ ಕಂಡಿತು.
ಬ್ಲೀಚಿನಲ್ಲಿ ಉಜ್ಜಿ ಉಜ್ಜಿ
ಬೆರಳತುದಿಯ ಸಿಪ್ಪೆ ಎದ್ದಿತ್ತು.
"ಏನ್ರೀ ಇದು?"
"ಪುಸ್ತಕ ಮುಟ್ಟಬೇಕಲ್ರೀ," ಅಂದ.

ಮಿರ್ಚಿ ಗಾಡಿಯ ಶೇಕ್ಷಾವಲಿ ಚಾಚಾ
ಒಗ್ಗರಣಿ ಪೊಟ್ಟಣ ಕೊಡುತ್ತಾ ಕೇಳಿದ,
"ಯಾಕಮ್ಮಾ ಕಣ್ಣಾಗ ನೀರು, ಖಾರ ಆತೇನು?"
ನಾನಿನ್ನೂ ಒಂದೂ ಕಡಿದಿರಲಿಲ್ಲ.

ರಾತ್ರಿ ಕರೆಂಟು ಹೋಯಿತು. ಮೊಬೈಲಿನ ಬೆಳಕಲ್ಲಿ
ತಾರೀಖಿನ ಮುದ್ರೆಯ ನೇರಳೆ ಪ್ಯಾಡಿಗೆ
ಹೆಬ್ಬೆರಳು ಒತ್ತಿಕೊಂಡೆ.
ಅವನಿಗೆಂದು ತೆಗೆದಿಟ್ಟ ಕಾದಂಬರಿಯಲ್ಲಿ
ನಾನು ನಿಂತ ಕಡೆಯೆಲ್ಲ ಒತ್ತಿದೆ.
ಅರವತ್ತೆರಡು. ತೊಂಬತ್ತು.
ನೂರಾ ಮೂವತ್ತೇಳರಲ್ಲಿ ಎರಡು ಸಲ.

ಒಯ್ದವನು ವಾರ ಕಳೆದರೂ ಬರಲಿಲ್ಲ.
ಅದರ ಮೇಲೆ ಹತ್ತೊಂಬತ್ತು ದಿನ.
ದಿನಾ ರಿಜಿಸ್ಟರು ತೆಗೆದು ಅವನ ಸಾಲಿನ ಮುಂದೆ
ಎರಡೆರಡು ರೂಪಾಯಿ ಕೂಡಿಸುತ್ತಾ ಕೂತೆ.
ಸುಂಕದವರ ಮುಂದೆ ಸುಖದುಃಖ ಹೇಳಬಾರದಂತೆ.
ಸುಂಕದವಳು ಯಾರ ಮುಂದೆ ಹೇಳಬೇಕು?
ಗಾದೆ ಕಟ್ಟಿದವರು ಅದನ್ನು ಹೇಳಿ ಹೋಗಿಲ್ಲ.

ಧೂಳುಗಾಳಿ ಎದ್ದ ಒಂದು ಸಂಜೆ
ತಲೆ ತುಂಬಾ ಕೆಂಪು, ಕೈ ತುಂಬಾ ನೀಲಿ,
ಬಂದು ನಿಂತ.
"ಎಷ್ಟಾತ್ರಿ ಸುಂಕ?"
ಫೈನ್ ಅನ್ನಲಿಲ್ಲ. ಹಾಗೇ ಅಂದ.
ನಾನು ಪುಸ್ತಕ ಇಸಿದುಕೊಂಡು ತೆರೆದೆ.
ಅರವತ್ತೆರಡರಲ್ಲಿ ನೇರಳೆಯ ಪಕ್ಕ ನೀಲಿ.
ತೊಂಬತ್ತನ್ನು ಒಪ್ಪಿಲ್ಲ, ಎರಡು ಪುಟ ದಾಟಿ ನಿಂತಿದ್ದಾನೆ.
ನೂರಾ ಮೂವತ್ತೇಳರಲ್ಲಿ
ಯಾವುದು ಯಾರದೆಂದು ಬಿಡಿಸಲಾಗದ ಬಣ್ಣ.
ಅಲ್ಲಿಂದಾಚೆ ಎಲ್ಲ ಬಿಳಿ.
"ಮುಗಿಸಿಲ್ಲಲ್ರೀ?"
"ಇಲ್ರೀ. ಒಬ್ನೇ ಓದಾಕ ಮನಸ್ಸಾಗಲಿಲ್ಲ."

ಮೂವತ್ತೆಂಟು ರೂಪಾಯಿ ಕೌಂಟರಿನ ಮೇಲಿಟ್ಟ.
ಎಣಿಸಿಕೊಂಡೆ. ಒಂದು ರೂಪಾಯೂ ಬಿಡಲಿಲ್ಲ.
ಶೆಟರು ಅರ್ಧಕ್ಕೆ ಇಳಿಸಿದೆ, ಧೂಳಿಗೆ ಅಂತ.
ಸ್ಟೂಲು ಇದ್ದದ್ದು ಒಂದೇ;
ಹತ್ತನೇ ಕ್ಲಾಸಿನ ಗಣಿತದ ಗೈಡುಗಳ ಕಟ್ಟನ್ನು
ಅವನತ್ತ ನೂಕಿ ಕೂರೆಂದೆ.
"ನೂರಾ ಮೂವತ್ತೆಂಟು," ಅಂದೆ.
"ಓದ್ರಿ. ಗಾಳಿ ಜೋರೈತಿ, ಸ್ವಲ್ಪ ಗಟ್ಟಿಯಾಗಿ."